ದೇವಾಲಯದ ದುರಸ್ತಿಯೂ ನಮ್ಮೂರ ಮೇಸ್ತ್ರಿಯೂ

(ಶತಮಾನೋತ್ಸವದ ಸಿದ್ಧತೆಗಾಗಿ ಸೇರಿದ ಧರ್ಮಕೇಂದ್ರದ ಮಹಾಸಭೆಯಲ್ಲಿ ವಿಚಾರಣಾ ಗುರುಗಳು ಮಾಡಿದ ಭಾಷಣ)



ನೂರು ವರ್ಷ ತುಂಬಿದ ದೇವಾಲಯದ ಸಭೆಯಲ್ಲಿ ಹಿಂದಿನ ಗುರುಗಳನ್ನು ಸ್ಮರಿಸುವುದು, ದಾನಿಗಳಿಗೆ ಕೃತಜ್ಞತೆ ಸಲ್ಲಿಸುವುದು ವಾಡಿಕೆ. ಆ ಕಾರ್ಯವನ್ನು ನಮಗಿಂತ ಸೊಗಸಾಗಿ ನಿರ್ವಹಿಸಬಲ್ಲವರು ಈ ವೇದಿಕೆಯ ಮೇಲಿದ್ದಾರೆ. ಅದನ್ನು ಅವರಿಗೇ ಬಿಟ್ಟಿದ್ದೇವೆ. ನಾವು ಇಂದು ಮಾತನಾಡಬೇಕೆಂದಿರುವುದು ಕಾಂಕ್ರೀಟನ್ನು ಕುರಿತು, ಅದನ್ನು ಕತ್ತರಿಸಿ ದುರಸ್ತಿ ಮಾಡುವವರನ್ನು ಕುರಿತು. ತಾವು ನಗುತ್ತಿರುವುದು ನಮಗೆ ಕಾಣುತ್ತಿದೆ. ಸೆಮಿನರಿಯಲ್ಲಿ ನಮಗೆ ತತ್ತ್ವಶಾಸ್ತ್ರ, ದೈವಶಾಸ್ತ್ರಗಳನ್ನು ಕಲಿಸಿದರೇ ವಿನಾ ಸಿಮೆಂಟು ಸರಳುಗಳ ಶಾಸ್ತ್ರವನ್ನು ಯಾರೂ ಕಲಿಸಲಿಲ್ಲ. ಆದರೆ ಮಲೆನಾಡಿನಲ್ಲಿ ಗುರುವಾದವನು ಜಪಮಾಲೆಯಷ್ಟೇ ಶ್ರದ್ಧೆಯಿಂದ ಛಾವಣಿಯ ಸೋರಿಕೆಯನ್ನೂ ಎಣಿಸಬೇಕಾಗುತ್ತದೆ. ಇದಲ್ಲದೆ ಈ ವಿಷಯದಲ್ಲಿ ನಾವು ತೀರಿಸಬೇಕಾದ ಒಂದು ಋಣವೂ ಇದೆ. ಅದನ್ನು ಗುಟ್ಟಾಗಿ ತೀರಿಸಲು ಬರುವುದಿಲ್ಲವಾದ್ದರಿಂದ ಈ ಸಭೆಯನ್ನೇ ಆರಿಸಿಕೊಂಡೆವು.

ನಮ್ಮ ದೇವಾಲಯ ಒಂದೇ ಕಾಲದ ಕಟ್ಟಡವಲ್ಲವೆಂಬುದು ಹಿರಿಯರಿಗೆ ಗೊತ್ತು. ಪೂಜಾಪೀಠದ ಭಾಗವೂ ಎರಡು ಪಕ್ಕದ ಗೋಡೆಗಳೂ ಜಂಬಿಟ್ಟಿಗೆಯವು, ಸುಣ್ಣದ ಗಾರೆಯವು. ಮೇಲೆ ಮಂಗಳೂರು ಹೆಂಚು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಘಟ್ಟದ ಮೇಲಣ ಎಷ್ಟು ಮನೆ, ಗುಡಿ, ಇಗರ್ಜಿಗಳು ಹುಲ್ಲಿನ ಹೊದಿಕೆ ಕಳಚಿ ಹೆಂಚು ಹೊದ್ದವೋ ಲೆಕ್ಕವಿಟ್ಟವರಿಲ್ಲ. ಮುಂಭಾಗದ ಪೋರ್ಟಿಕೊ ಮತ್ತು ಗಾನವೃಂದದ ಅಟ್ಟ ಮಾತ್ರ ಕಾಂಕ್ರೀಟಿನವು. ಇವು ಎಪ್ಪತ್ತರ ದಶಕದಲ್ಲಿ ಸೇರಿಕೊಂಡವು. ಅಟ್ಟದ ಕಾಂಕ್ರೀಟು ಹಾಕಿದ ದಿನ ಊರಿಗೆ ಊರೇ ಶ್ರಮದಾನಕ್ಕೆ ಬಂದಿತ್ತಂತೆ. ಹೊಳೆಯಿಂದ ಮರಳು ಹೊತ್ತವರು, ಬಾಂಡಲಿಯನ್ನು ಕೈಯಿಂದ ಕೈಗೆ ದಾಟಿಸಿದವರು, ಮಧ್ಯಾಹ್ನ ಗಂಜಿ ಬಡಿಸಿದವರು, ಇವರಲ್ಲಿ ಕೆಲವರು ಇಂದಿಗೂ ನಮ್ಮೊಡನಿದ್ದಾರೆ. ಮುಂದೆ ಹೇಳಲಿರುವ ಮಾತುಗಳಿಂದ ಅವರು ನೊಂದುಕೊಳ್ಳಬಾರದೆಂದು ಮೊದಲೇ ವಿನಂತಿಸುತ್ತೇವೆ. ಅಂದು ಅವರಿಗೆ ತಿಳಿದದ್ದನ್ನು ಅವರು ಪ್ರೀತಿಯಿಂದ ಮಾಡಿದರು.

ಕೆಲವು ವರ್ಷಗಳ ಹಿಂದೆ ಆ ಅಟ್ಟದ ತಳಭಾಗದಲ್ಲಿ ಕಂದುಬಣ್ಣದ ಗೆರೆಗಳು ಕಾಣಿಸಿಕೊಂಡವು. ವಾರ್ಷಿಕೋತ್ಸವಕ್ಕೆ ಒಂಬತ್ತು ದಿನ ಉಳಿದಿತ್ತು. ನೊವೇನಾ ಆರಂಭವಾಗುವ ಹೊತ್ತು. ನಮ್ಮೂರಿನ ಮೇಸ್ತ್ರಿಯೊಬ್ಬರನ್ನು ಕರೆಸಿದೆವು. ಅವರು ಏಣಿ ಹತ್ತಿ ಸುತ್ತಿಗೆಯ ಹಿಡಿಯಿಂದ ಅಲ್ಲಲ್ಲಿ ತಟ್ಟಿದರು. ಕೆಲವೆಡೆ ಗಟ್ಟಿ ಸದ್ದು, ಕೆಲವೆಡೆ ಟೊಳ್ಳು ಸದ್ದು. ಕೆಳಗಿಳಿದು, ಸ್ವಾಮಿ, ಒಳಗೆ ಸರಳು ತುಕ್ಕು ಹಿಡಿದಿದೆ, ಒಡೆದು ನೋಡಬೇಕು, ಅಟ್ಟಕ್ಕೆ ಊರೆ ಕೊಡಬೇಕು, ಮೂರು ವಾರವಾದರೂ ಬೇಕು ಎಂದರು. ಹಬ್ಬದ ಕಾಲದಲ್ಲಿ ದೇವಾಲಯದೊಳಗೆ ಊರೆಗಂಬಗಳೇ ಎಂದು ನಾವು ರೇಗಿದೆವು. ಸದ್ಯಕ್ಕೆ ಗಾರೆ ಮೆತ್ತಿ ಬಣ್ಣ ಬಳಿಯಿರಿ, ಉಳಿದದ್ದು ಹಬ್ಬದ ನಂತರ ನೋಡೋಣ ಎಂದು ಅಪ್ಪಣೆ ಮಾಡಿದೆವು. ಅವರು ಎರಡನೆಯ ಸಲವೂ ಹೇಳಿದರು. ನಾವು ಎರಡನೆಯ ಸಲವೂ ಅದನ್ನೇ ಹೇಳಿದೆವು. ಹಬ್ಬ ಕಳೆಯಿತು, ಬಣ್ಣ ಚೆನ್ನಾಗಿ ಕಾಣುತ್ತಿತ್ತು, ಮಾತು ಮರೆತುಹೋಯಿತು.

ಎರಡು ಮಳೆಗಾಲ ಕಳೆದು, ಮೂರನೆಯ ಮಳೆಗಾಲದ ಜುಲೈ ತಿಂಗಳಿನ ಒಂದು ರಾತ್ರಿ, ಊಟದ ತಟ್ಟೆಯಗಲದ ಕಾಂಕ್ರೀಟಿನ ಹೆಕ್ಕಳೊಂದು ಆ ಅಟ್ಟದಿಂದ ಕಳಚಿ ಹಿಂದಿನ ಬೆಂಚಿನ ಮೇಲೆ ಬಿತ್ತು. ಬೆಂಚಿನ ಹಲಗೆ ಸೀಳಿತು. ಅದು ಭಾನುವಾರದ ಮುಂಜಾನೆಯಾಗಿದ್ದರೆ ಅಲ್ಲಿ ಯಾರು ಕುಳಿತಿರುತ್ತಿದ್ದರೆಂಬುದು ತಮಗೆಲ್ಲ ಗೊತ್ತು. ಮಂಡಿ ನೋವಿನಿಂದ ಮುಂದೆ ಬರಲಾಗದ ಅಜ್ಜಿಯರು ಅಲ್ಲಿಯೇ ಕುಳಿತು ಜಪ ಮಾಡುತ್ತಾರೆ. ಸಿಲೋವದ ಗೋಪುರ ಕುಸಿದು ಹದಿನೆಂಟು ಮಂದಿ ಸತ್ತುದನ್ನು ಪ್ರಭು ಯೇಸುಸ್ವಾಮಿ ಪ್ರಸ್ತಾಪಿಸಿದ್ದಾರೆ. ಸತ್ತವರು ಇತರರಿಗಿಂತ ಹೆಚ್ಚು ಪಾಪಿಗಳಾಗಿರಲಿಲ್ಲವೆಂದು ಸ್ಪಷ್ಟವಾಗಿ ನುಡಿದಿದ್ದಾರೆ. ಆ ಗೋಪುರವನ್ನು ನೋಡಿಕೊಳ್ಳಬೇಕಾಗಿದ್ದವರ ಬಗ್ಗೆ ಸುವಾರ್ತೆ ಏನನ್ನೂ ಹೇಳುವುದಿಲ್ಲ. ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ.

ಮರುದಿನದಿಂದ ಊರಿನಲ್ಲಿ ಒಂದೇ ಮಾತು: ಮೇಸ್ತ್ರಿಯ ಕೆಲಸ ಕಳಪೆ, ದೇವರ ಮನೆಯಲ್ಲಿಯೂ ಮೋಸ ಮಾಡಿದ. ಅವರು ನಮ್ಮ ಮತದವರಲ್ಲವಾದ್ದರಿಂದ ಆ ಮಾತಿಗೆ ಇನ್ನೊಂದು ಮಾತೂ ಸೇರಿಕೊಂಡಿತು. ಅದನ್ನು ಇಲ್ಲಿ ಉಚ್ಚರಿಸುವುದಿಲ್ಲ. ಅವರಿಗೆ ಒಪ್ಪಿಸಬೇಕೆಂದಿದ್ದ ಎರಡು ಮನೆಗಳ ಕೆಲಸ ಬೇರೆಯವರ ಪಾಲಾಯಿತು. ನಿಜ ಸಂಗತಿ ಬಲ್ಲವರು ಇಬ್ಬರೇ ಇದ್ದರು. ಅವರು ಹೇಳಿದರೆ ಯಾರೂ ನಂಬುತ್ತಿರಲಿಲ್ಲ, ನಾವು ಹೇಳಲಿಲ್ಲ. ಹಲವು ತಿಂಗಳು ಹೇಳಲಿಲ್ಲ. ಎಂಟನೆಯ ಕಟ್ಟಳೆಯನ್ನು ಮಕ್ಕಳಿಗೆ ಕಲಿಸುವಾಗ, ಒಬ್ಬನ ಹೆಸರು ಕೆಡಿಸಿದವನು ಪಾಪನಿವೇದನೆ ಮಾಡಿದರಷ್ಟೇ ಸಾಲದು, ಆ ಹೆಸರನ್ನು ಮರಳಿಸಬೇಕು ಎಂದು ನಾವೇ ಬೋಧಿಸುತ್ತ ಬಂದಿದ್ದೇವೆ. ಆದುದರಿಂದ ಇಂದು ಎಲ್ಲರೆದುರು ಹೇಳುತ್ತೇವೆ: ಆ ಗಾರೆ ಮೆತ್ತಿಸಿದವರು ನಾವು. ಮೇಸ್ತ್ರಿಯವರು ನಿಜವನ್ನೇ ನುಡಿದಿದ್ದರು. ಅವರು ಈ ಸಭೆಗೆ ನಮ್ಮ ಆಹ್ವಾನದ ಮೇರೆಗೆ ಬಂದು ಬಾಗಿಲ ಬಳಿ ನಿಂತಿದ್ದಾರೆ. ದಯವಿಟ್ಟು ಯಾರಾದರೂ ಅವರಿಗೆ ಕುರ್ಚಿ ಕೊಡಿರಿ.

ಇನ್ನು ಕಾಂಕ್ರೀಟು ಏಕೆ ಹೀಗೆ ಕಳಚುತ್ತದೆಂಬುದನ್ನು, ನಂತರ ಬಂದ ಎಂಜಿನಿಯರರು ನಮಗೆ ತಿಳಿಸಿದಂತೆ ಹೇಳುತ್ತೇವೆ. ಹೊಸ ಕಾಂಕ್ರೀಟು ಸುಣ್ಣದಂತೆ ಕ್ಷಾರಗುಣವುಳ್ಳದ್ದು. ಆ ಕ್ಷಾರ ಇರುವವರೆಗೆ ಒಳಗಿನ ಉಕ್ಕು ತುಕ್ಕು ಹಿಡಿಯುವುದಿಲ್ಲ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡು ವರ್ಷ ವರ್ಷವೂ ಸ್ವಲ್ಪ ಸ್ವಲ್ಪವೇ ಒಳಕ್ಕಿಳಿದು ಆ ಕ್ಷಾರವನ್ನು ಕಳೆಯುತ್ತದೆ. ಅದು ಸರಳನ್ನು ಮುಟ್ಟಿದ ದಿನ, ನೀರೂ ಜೊತೆಗಿದ್ದರೆ, ತುಕ್ಕು ಆರಂಭ. ತುಕ್ಕು ಹಿಡಿದ ಉಕ್ಕು ಮೊದಲಿಗಿಂತ ಹಲವು ಪಟ್ಟು ಜಾಗ ಕೇಳುತ್ತದೆ; ಜಾಗವಿಲ್ಲದ ಕಡೆ ಕಾಂಕ್ರೀಟನ್ನೇ ಒಳಗಿನಿಂದ ಸೀಳಿ ಹೊರಕ್ಕೆ ದೂಡುತ್ತದೆ. ಹಾಗಾಗಿ ಸರಳಿನ ಮೇಲೆ ಕಾಂಕ್ರೀಟಿನ ಹೊದಿಕೆ ಎಷ್ಟು ದಪ್ಪ ಎಂಬುದೇ ಮುಖ್ಯ. ಭಾರತೀಯ ಮಾನಕ 456ರ 2000ನೆಯ ಇಸವಿಯ ಆವೃತ್ತಿಯ ಪ್ರಕಾರ, ಜೋರು ಮಳೆಗೂ ಮತ್ತೆ ಮತ್ತೆ ನೆನೆದು ಒಣಗುವ ಸ್ಥಿತಿಗೂ ಒಡ್ಡಿಕೊಂಡ ಕಾಂಕ್ರೀಟಿಗೆ 45 ಮಿಲಿಮೀಟರಿನಷ್ಟು ಹೊದಿಕೆ ಇರಬೇಕು. ಶೃಂಗೇರಿಗೆ ಸಮೀಪದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ನಮ್ಮ ಮೂರು ತಾಲ್ಲೂಕುಗಳಲ್ಲಿ ಅಷ್ಟಿಲ್ಲದಿದ್ದರೂ ಜೋರು ಮಳೆ ಎಂಬ ಮಾತಿಗೆ ವ್ಯಾಖ್ಯಾನ ಬೇಕಿಲ್ಲ. ನಮ್ಮ ಅಟ್ಟದ ತಳದಲ್ಲಿ ಹೊದಿಕೆ ಒಂದು ಬೆರಳಿನ ದಪ್ಪವೂ ಇರಲಿಲ್ಲ. ಅಟ್ಟ ಒಳಗಿದ್ದರೂ ಅದರ ತುದಿ ಪೋರ್ಟಿಕೊ ಸೇರುವಲ್ಲಿ, ಹೆಂಚಿನ ನೀರು ದೋಣಿಯಿಂದ ಉಕ್ಕಿ, ಐವತ್ತು ವರ್ಷಗಳಿಂದ ಒಳಕ್ಕೆ ಜಿನುಗುತ್ತಿತ್ತು.

ಇಲ್ಲಿ ಒಂದು ಮಾತು. ನಮ್ಮ ಹಳೆಯ ಸುಣ್ಣದ ಗೋಡೆಗಳಿಗೆ ಏನೂ ಆಗಿಲ್ಲ. ನಮ್ಮ ಧರ್ಮಪ್ರಾಂತ್ಯಕ್ಕೇ ಸೇರಿದ ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ, 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ದೇವಾಲಯವನ್ನು ತಮ್ಮಲ್ಲಿ ಅನೇಕರು ನೋಡಿದ್ದೀರಿ. ಗೊರೂರಿನ ಹೇಮಾವತಿ ಜಲಾಶಯ ತುಂಬಿದಾಗಲೆಲ್ಲ ಅದು ನೀರಿನಲ್ಲಿ ನಿಲ್ಲುತ್ತದೆ. ಛಾವಣಿ ಹೋಗಿ, ಗೋಡೆಯ ಭಾಗಗಳು ಕುಸಿದರೂ ದಶಕಗಳ ಕಾಲ ಆ ಕಮಾನುಗಳು ನೀರಿನೊಡನೆ ಸೆಣಸಿವೆ. ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ದರೆಂದು ಜನ ಹೇಳುತ್ತಾರೆ. ಕನ್ನಂಬಾಡಿ ಕಟ್ಟೆಯನ್ನೂ ಸಿಮೆಂಟಿನಿಂದ ಕಟ್ಟಲಿಲ್ಲ. ಸುಣ್ಣಕ್ಕೆ ಇಟ್ಟಿಗೆಪುಡಿ ಬೆರೆಸಿದ ಸುರ್ಕಿ ಗಾರೆಯಿಂದ ಕಟ್ಟಿದರು. ಆದಕಾರಣ ದುರಸ್ತಿಯೆಂದೊಡನೆ ಹಳೆಯ ಗೋಡೆಗೂ ಸಿಮೆಂಟು ಬಳಿಯಿರಿ ಎಂದು ನಮ್ಮನ್ನು ಒತ್ತಾಯಿಸುತ್ತಿರುವ ಮಹನೀಯರು ಸ್ವಲ್ಪ ತಾಳ್ಮೆ ವಹಿಸಬೇಕು. ಸುಣ್ಣದ ಗೋಡೆ ಉಸಿರಾಡುತ್ತದೆ, ನೆನೆದು ಒಣಗುತ್ತದೆ. ಸಿಮೆಂಟಿನ ಲೇಪ ಆ ತೇವವನ್ನು ಒಳಗೇ ಬಂಧಿಸಿ ಗೋಡೆಯನ್ನು ಕೊರೆಯುತ್ತದೆ.

ಹೆಕ್ಕಳ ಬಿದ್ದ ಮೇಲೆ ಯಾರಿಗೆ ಕೆಲಸ ಒಪ್ಪಿಸಬೇಕೆಂಬ ಪ್ರಶ್ನೆ ಎದ್ದಿತು. ಪಾಲನಾ ಪರಿಷತ್ತಿನಲ್ಲಿ ಮೂರು ಪಂಗಡವಾಯಿತು. ದೂರದ ನಗರದ ದೊಡ್ಡ ಸಂಸ್ಥೆಯನ್ನೇ ಕರೆಯಬೇಕೆಂದು ಕೆಲವರು. ನಮ್ಮ ಮತದವರಿಗೇ ಕೊಡಬೇಕೆಂದು ಕೆಲವರು. ಎಲ್ಲಕ್ಕಿಂತ ಕಡಿಮೆ ದರ ಬರೆದವರಿಗೆ ಕೊಡಬೇಕೆಂದು ಮಿಕ್ಕವರು. ಮೊದಲನೆಯ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ದುರಸ್ತಿ ಒಂದು ದಿನದ ಕಾರ್ಯವಲ್ಲ. ಮುಂದಿನ ಜೂನಿನಲ್ಲಿ ಮತ್ತೆ ನೀರು ಜಿನುಗಿದರೆ ಘಟ್ಟ ಹತ್ತಿ ಬರುವವರಾರು? ಹಿಂದೊಮ್ಮೆ ಯಾರೋ ಬಂದು ಪೋರ್ಟಿಕೊದ ಮೇಲೆ ರಾಸಾಯನಿಕ ಲೇಪ ಬಳಿದು ಹತ್ತು ವರ್ಷದ ಭರವಸೆ ಕೊಟ್ಟು ಹೋದರು. ಎರಡನೆಯ ವರ್ಷಕ್ಕೇ ಅವರ ದೂರವಾಣಿ ಮೂಕವಾಯಿತು. ಕೊಪ್ಪದ ಪೇಟೆಯಲ್ಲೋ, ಶೃಂಗೇರಿಯ ಬಸ್‌ನಿಲ್ದಾಣದಲ್ಲೋ, ನರಸಿಂಹರಾಜಪುರದ ಸಂತೆಯಲ್ಲೋ ಎದುರಾಗಿ ತಲೆ ತಗ್ಗಿಸಬೇಕಾದವನ ಮಾತೇ ಬೇರೆ. ಅವನು ನಮ್ಮ ಮಳೆಯನ್ನು ಬಲ್ಲ, ನಮ್ಮ ಮಣ್ಣನ್ನು ಬಲ್ಲ. ಅಡಿಕೆ ಸುಲಿತ, ಕಾಫಿ ಕೊಯ್ಲುಗಳಲ್ಲಿ ಆಳು ಸಿಗುವುದಿಲ್ಲವೆಂಬುದನ್ನೂ ಬಲ್ಲ.

ಎರಡನೆಯ ವಾದದವರಿಗೆ ಸೊಲೊಮೋನ ಅರಸನನ್ನು ನೆನಪಿಸಿದೆವು. ಪ್ರಭುವಿನ ಮಹಾದೇವಾಲಯಕ್ಕೆ ಅವನು ಮರಕ್ಕಾಗಿಯೂ ಕುಶಲಕರ್ಮಿಗಳಿಗಾಗಿಯೂ ತೂರಿನ ಅರಸ ಹೀರಾಮನಲ್ಲಿ ಕೇಳಿಕೊಂಡ. ಇಸ್ರಯೇಲರಲ್ಲಿ ಸಿದೋನಿನವರಂತೆ ಮರ ಕಡಿಯಬಲ್ಲವರಿಲ್ಲವೆಂದು ಸಂಕೋಚವಿಲ್ಲದೆ ಒಪ್ಪಿಕೊಂಡ. ಅಷ್ಟಕ್ಕೂ ನಮ್ಮ ಮೇಸ್ತ್ರಿಯವರು ಒಡೆಯುವ ಕೆಲಸ ಆರಂಭಿಸುವ ಮುನ್ನ ನಮ್ಮ ಬಳಿ ಬಂದು, ಸ್ವಾಮಿ, ಒಳಗೆ ನಿಮ್ಮ ದೇವರ ಪ್ರಸಾದ ಇರುತ್ತದಲ್ಲ, ಧೂಳು ಏಳುವ ಮೊದಲು ಬೇರೆಡೆಗೆ ಒಯ್ಯಿರಿ ಎಂದರು. ನಮಗೇ ಅದು ಹೊಳೆದಿರಲಿಲ್ಲ.

ಮೂರನೆಯ ವಾದಕ್ಕೆ ಉತ್ತರ ಸೀಳಿದ ಆ ಬೆಂಚು.

ಹಾಗೆಂದು ಸ್ಥಳೀಯರೆಂಬ ಒಂದೇ ಕಾರಣಕ್ಕೆ ಕಣ್ಣು ಮುಚ್ಚಿ ಒಪ್ಪಿಸಿರೆಂದು ನಾವು ಹೇಳುತ್ತಿಲ್ಲ. ನಮ್ಮ ಕಡೆ ಕಾಂಕ್ರೀಟು ಸುಲಭವಾಗಿ ಹರಿಯಲೆಂದು ಕೊಡಗಟ್ಟಲೆ ನೀರು ಸುರಿಯುವ ಕೆಟ್ಟ ರೂಢಿಯಿದೆ. ಜೋರು ಮಳೆಗೆ ಒಡ್ಡಿದ ಕೆಲಸಕ್ಕೆ 50 ಕಿಲೋ ಸಿಮೆಂಟಿನ ಚೀಲವೊಂದಕ್ಕೆ, ಮರಳಿನಲ್ಲಿರುವ ತೇವವೂ ಸೇರಿ, 22½ ಲೀಟರಿಗಿಂತ ಹೆಚ್ಚು ನೀರು ಸಲ್ಲದೆಂದು ಅದೇ ಮಾನಕ ಹೇಳುತ್ತದೆ. ಹಾಕಿದ ಮೇಲೆ ಏಳು ದಿನ, ಮಿಶ್ರ ಸಿಮೆಂಟಾದರೆ ಹತ್ತು ದಿನ, ಒದ್ದೆಯಾಗಿ ಇಡಬೇಕೆನ್ನುತ್ತದೆ. ಹಾಕುವಾಗ ಅತಿ ನೀರು, ಹಾಕಿದ ಮೇಲೆ ನೀರೇ ಇಲ್ಲ. ನಮ್ಮ ಮಲೆನಾಡಿನ ಕಟ್ಟಡಗಳ ಕಥೆ ಬಹುಮಟ್ಟಿಗೆ ಇಷ್ಟೇ. ಆದ್ದರಿಂದ ತೂಕ ಹೊರುವ ಯಾವ ಭಾಗವನ್ನು ಮುಟ್ಟುವುದಾದರೂ ಎಂಜಿನಿಯರರ ಲಿಖಿತ ಸಲಹೆ ಬೇಕೇ ಬೇಕು. ಇದು ನಮ್ಮ ಸ್ವಂತ ಮಾತಲ್ಲ. ದೇವಾಲಯವನ್ನು ಕಟ್ಟುವಾಗಲೂ ದುರಸ್ತಿ ಮಾಡುವಾಗಲೂ ತಜ್ಞರ ಸಲಹೆ ಪಡೆಯಬೇಕೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆಯ 1216ನೆಯ ವಿಧಿ ಆದೇಶಿಸುತ್ತದೆ. ಅದನ್ನು ಓದಿಯೂ ಗಾರೆ ಮೆತ್ತಿಸಿದವರು ನಾವು.

ಕೊನೆಗೆ ಎಂಜಿನಿಯರರ ನಕ್ಷೆ, ಅದೇ ಮೇಸ್ತ್ರಿಯ ಕೈ, ಕೊಪ್ಪದ ಕಡೆಯ ಯುವಕನೊಬ್ಬನ ಕತ್ತರಿಸುವ ಯಂತ್ರ, ಇಷ್ಟರಿಂದ ಕೆಲಸ ನಡೆಯಿತು. ಆ ಯುವಕನ ಪರಿಚಯ ಮೊದಲ ದಿನವೇ ನಮಗಾಯಿತು. ಅಂಗವಿಕಲರ ಗಾಲಿಕುರ್ಚಿ ಒಳಬರಲು ಪಕ್ಕದಲ್ಲೊಂದು ಬಾಗಿಲು ಬೇಕಾಗಿತ್ತು. ಅಲ್ಲಿನ ಕಾಂಕ್ರೀಟು ಹಲಗೆಯನ್ನು ಕತ್ತರಿಸಬೇಕಿತ್ತು. ಊರೆಗಂಬಗಳು ಲಾರಿಯಲ್ಲಿ ಬರುವುದು ತಡವಾಯಿತು. ಯಂತ್ರದ ಬಾಡಿಗೆ ಗಂಟೆಗಿಷ್ಟೆಂದು ಏರುತ್ತಿತ್ತು. ಆರಂಭಿಸಪ್ಪಾ ಎಂದೆವು. ಊರೆ ಬರದೆ ಬ್ಲೇಡು ತಾಗಿಸುವುದಿಲ್ಲ ಫಾದರ್, ಇವತ್ತಿನ ಬಾಡಿಗೆ ಬೇಡ ಎಂದು ಅವನು ಯಂತ್ರದ ಮೇಲೆ ಟಾರ್ಪಾಲು ಹೊದಿಸಿ ಕುಳಿತ. ನಮಗೆ ಮತ್ತೆ ಸಿಟ್ಟು ಬಂತು. ಅರವತ್ತು ದಾಟಿದರೂ ಕಲಿಯಬೇಕಾದ್ದು ಎಷ್ಟೋ ಇರುತ್ತದೆ.

ಊರೆ ಬಂದ ಮೇಲೆ ವಜ್ರದ ಹಲ್ಲಿನ ಬ್ಲೇಡಿನಿಂದ, ನೀರು ಹಾಯಿಸುತ್ತ ಕತ್ತರಿಸಿದರು. ನೀರು ಏಕೆಂದು ಕೇಳಿದೆವು. ಬ್ಲೇಡು ತಣ್ಣಗಿರಲು ಮಾತ್ರವಲ್ಲ. ಒಣ ಕಾಂಕ್ರೀಟು ಕೊಯ್ದಾಗ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಅದು ಎದೆಗೂಡಿನಲ್ಲಿ ಕುಳಿತು ಸಿಲಿಕೋಸಿಸ್ ಎಂಬ ವಾಸಿಯಾಗದ ರೋಗವನ್ನು ತರುತ್ತದೆ. ನೆಲದ ಮೊಸಾಯಿಕ್ ಕೆಸರಾಗುತ್ತದೆಂದು ಗೊಣಗಿದ ನಮ್ಮ ಸೋದರಿಯರು ಇದನ್ನು ಕೇಳಿದ ಮೇಲೆ ತಾವೇ ಪೊರಕೆ ಹಿಡಿದರು. ಅಟ್ಟದ ತಳದಲ್ಲಿ ಟೊಳ್ಳಾದ ಪ್ರತಿಯೊಂದು ಜಾಗದ ಸುತ್ತ ಚೌಕಾಕಾರವಾಗಿ ಅಂಚು ಕೊಯ್ದು, ಸರಳಿನ ಹಿಂದೆಯೂ ಬೆರಳು ಹೋಗುವಷ್ಟು ಬಿಡಿಸಿ, ತುಕ್ಕನ್ನು ಉಜ್ಜಿ ಉಕ್ಕಿನ ಹೊಳಪು ಕಾಣಿಸಿದರು. ಸವೆದ ಸರಳಿನ ಪಕ್ಕಕ್ಕೆ ಹೊಸ ಸರಳು ಕಟ್ಟಿದರು; ತುಕ್ಕು ತಡೆಯುವ ಲೇಪ ಹಚ್ಚಿ, ಪಾಲಿಮರ್ ಬೆರೆತ ಗಾರೆಯನ್ನು ಪದರ ಪದರವಾಗಿ ತುಂಬಿದರು. ಇದೆಲ್ಲಕ್ಕೂ ಮುಂಚೆ ಮೇಲಿನ ದೋಣಿಯನ್ನು ಅಗಲಗೊಳಿಸಿ ನೀರಿನ ದಾರಿಯನ್ನು ಮುಚ್ಚಿದ್ದರು. ನೀರು ನಿಲ್ಲಿಸದೆ ಗಾರೆ ತುಂಬುವುದು ವ್ಯರ್ಥವೆಂಬುದು ನಮಗೀಗ ಕಂಠಪಾಠ. ಒಡೆದು ತೆಗೆದ ಆ ಹಳೆಯ ಕಾಂಕ್ರೀಟಿನಲ್ಲಿ ಮಣ್ಣು ಬೆರೆತ ಹೊಳೆಮರಳಿನ ಜೊತೆ ಒಂದು ಮಣ್ಣಿನ ಗೋಲಿಯೂ ಸಿಕ್ಕಿತು, ಮಕ್ಕಳು ಆಡುವಂಥದ್ದು. ಶ್ರಮದಾನದ ದಿನ ಯಾವ ಬಾಲಕನ ಜೇಬಿನಿಂದ ಬಿದ್ದಿತೋ. ಅದನ್ನು ವಸ್ತ್ರಾಗಾರದಲ್ಲಿ ಇಟ್ಟಿದ್ದೇವೆ. ತನ್ನದೆನ್ನುವ ಅಜ್ಜನಿದ್ದರೆ ಬಂದು ಒಯ್ಯಬಹುದು.

ಇನ್ನು ಹಣದ ವಿಷಯ. ಅರಸುಗಳ ಎರಡನೆಯ ಗ್ರಂಥದ ಹನ್ನೆರಡನೆಯ ಅಧ್ಯಾಯವನ್ನು ಮನೆಯಲ್ಲಿ ಓದಿ ನೋಡಿರಿ. ದೇವಾಲಯದ ದುರಸ್ತಿಗೆಂದು ಯಾಜಕರು ಕಾಣಿಕೆ ಪಡೆಯುತ್ತಿದ್ದರು. ಯೋವಾಷನ ಆಳ್ವಿಕೆಯ ಇಪ್ಪತ್ತಮೂರನೆಯ ವರ್ಷದವರೆಗೂ ದುರಸ್ತಿ ಆಗಲಿಲ್ಲ. ಕೊನೆಗೆ ಅರಸ ಯಾಜಕರ ಕೈಯಿಂದ ಆ ಹಣವನ್ನು ತಪ್ಪಿಸಿದ. ಯಾಜಕ ಯೆಹೋಯಾದ ಪೆಟ್ಟಿಗೆಯೊಂದರ ಮುಚ್ಚಳಕ್ಕೆ ರಂಧ್ರ ಕೊರೆದು ಇರಿಸಿದ. ಎಣಿಸಿದ ಹಣ ನೇರವಾಗಿ ಬಡಗಿಗಳಿಗೂ ಕಲ್ಲುಕುಟಿಗರಿಗೂ ಸಂದಿತು. ಗುರುಗಳ ಬಗ್ಗೆ ಪವಿತ್ರ ಗ್ರಂಥ ದಾಕ್ಷಿಣ್ಯ ತೋರುವುದಿಲ್ಲ. ನಮ್ಮಲ್ಲಿಯೂ ಒಂದು ಶನಿವಾರ ಸಂಜೆ ಕೂಲಿಯವರು ಗುರುನಿವಾಸದ ಮೆಟ್ಟಿಲ ಮೇಲೆ ಕುಳಿತಿದ್ದರು. ಚೆಕ್ಕಿಗೆ ಎರಡನೆಯ ಸಹಿ ಹಾಕಬೇಕಾದವರು ಮದುವೆಗೆ ಹೋಗಿದ್ದರು. ಹಣ ಕೈಸೇರಲು ಹನ್ನೊಂದು ದಿನ ಹಿಡಿಯಿತು. ಸೂರ್ಯ ಮುಳುಗುವ ಮುನ್ನ ಕೂಲಿ ಕೊಡಬೇಕೆಂದು ಧರ್ಮೋಪದೇಶಕಾಂಡ ವಿಧಿಸುತ್ತದೆ. ತಡೆಹಿಡಿದ ಕೂಲಿಯ ಕೂಗು ದೇವರ ಕಿವಿಗೆ ಮುಟ್ಟುತ್ತದೆಂದು ಸಂತ ಯಕೋಬರು ಎಚ್ಚರಿಸುತ್ತಾರೆ. ಪೋಪ್ ಹದಿಮೂರನೆಯ ಲಿಯೋರವರು 1891ರಲ್ಲಿಯೂ, ಸಂತ ಎರಡನೆಯ ಜಾನ್ ಪೌಲರು 1981ರಲ್ಲಿಯೂ ದುಡಿಮೆಗಾರರ ಹಕ್ಕನ್ನು ಕುರಿತು ಬರೆದ ವಿಶ್ವಪತ್ರಗಳನ್ನು ನಾವು ಪರೀಕ್ಷೆಗಾಗಿ ಓದಿದ್ದೆವು. ಪರೀಕ್ಷೆ ಬಂದದ್ದು ಆ ಮೆಟ್ಟಿಲ ಮೇಲೆ.

ದೇವರ ಕೆಲಸವೆಂದು ಕಡಿಮೆ ಮಾಡಿಕೊಳ್ಳಿ ಎಂದು ಗುತ್ತಿಗೆದಾರರನ್ನು ಜಗ್ಗುವುದನ್ನೂ ನಿಲ್ಲಿಸಬೇಕು. ಅವರಾಗಿಯೇ ದಾನ ಕೊಟ್ಟರೆ ರಸೀತಿ ಕೊಡೋಣ. ಧರ್ಮಸಭೆಯ ಆಸ್ತಿಯನ್ನು ನಿರ್ವಹಿಸುವವರು ನಾಡಿನ ಕಾರ್ಮಿಕ ಕಾನೂನನ್ನು ಪಾಲಿಸಿ ನ್ಯಾಯವಾದ ಸಂಬಳ ಕೊಡಬೇಕೆಂದು ಸಂಹಿತೆಯ 1286ನೆಯ ವಿಧಿಯೇ ಹೇಳುತ್ತದೆ. ಇನ್ನು ಮುಂದೆ ಯಾವ ಕೆಲಸವಾದರೂ ಬರವಣಿಗೆಯಲ್ಲಿರಲಿ: ಎಷ್ಟು ಕೆಲಸ, ಯಾವ ಸಾಮಗ್ರಿ, ಎಂದು ಹಣ, ಯಾವ ಭಾಗದ ಹಣವನ್ನು ಒಂದು ಮಳೆಗಾಲ ಕಳೆಯುವವರೆಗೆ ಉಳಿಸಿಕೊಳ್ಳುತ್ತೇವೆ, ಒಡೆದ ಮೇಲೆ ಹೆಚ್ಚು ಹಾಳು ಕಂಡರೆ ಹೆಚ್ಚಿನ ದರ ಹೇಗೆ. ಕಾಂಕ್ರೀಟನ್ನು ಬಿಚ್ಚುವವರೆಗೆ ಒಳಗೇನಿದೆಯೆಂದು ಯಾರೂ ಪ್ರಮಾಣ ಮಾಡಲಾರರಾದ್ದರಿಂದ ಈ ಕೊನೆಯದನ್ನು ಮೊದಲೇ ಬರೆದಿಡುವುದು ಇಬ್ಬರಿಗೂ ಕ್ಷೇಮ. ನಮ್ಮ ಧರ್ಮಕೇಂದ್ರದಲ್ಲಿ ಗಾರೆ, ಸೆಂಟ್ರಿಂಗ್, ಬಣ್ಣದ ಕೆಲಸ ಮಾಡುವ ಯುವಕರು ಹಲವರಿದ್ದಾರೆ. ಹದಿನೆಂಟು ತುಂಬಿದ, ಅರವತ್ತು ದಾಟದ, ವರ್ಷದಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದವರು ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಅರ್ಜಿ ತುಂಬಲು ತಿಳಿಯದವರು ಭಾನುವಾರ ಎರಡನೆಯ ಪೂಜೆಯ ನಂತರ ಗುರುನಿವಾಸಕ್ಕೆ ಬನ್ನಿರಿ. ಯುವಜನ ಸಂಘದವರು ನೆರವಾಗುವರು.

ಉಳಿದಿರುವುದು ಪೋರ್ಟಿಕೊದ ಮೇಲ್ಭಾಗ. ಅಲ್ಲಿ ಕೈಪಿಡಿ ಗೋಡೆಯಿಲ್ಲ; ಹಬ್ಬದಲ್ಲಿ ಬಾವುಟ ಕಟ್ಟಲು ಹುಡುಗರು ಅಲ್ಲಿ ಹತ್ತುತ್ತಾರೆ. ಮಾಳಿಗೆಗೆ ಕೈಪಿಡಿ ಕಟ್ಟದೆ ಯಾರಾದರೂ ಬಿದ್ದರೆ ಆ ರಕ್ತಾಪರಾಧ ಮನೆಯ ಯಜಮಾನನದೆಂದು ಮೋಶೆಯ ಕಟ್ಟಳೆಯಲ್ಲಿದೆ. ಧರ್ಮೋಪದೇಶಕಾಂಡದ ಇಪ್ಪತ್ತೆರಡನೆಯ ಅಧ್ಯಾಯ, ಎಂಟನೆಯ ವಚನ. ಎಂಜಿನಿಯರರ ಅಂದಾಜುಪಟ್ಟಿ ನಮ್ಮ ಕೈಸೇರಿದೆ. ದೇವಾಲಯದ ಫಲಕದ ಮೇಲೆ ನಾಳೆ ಅದನ್ನು ಹಚ್ಚುತ್ತೇವೆ. ಕಾಫಿ ಕೊಯ್ಲು ಮುಗಿದು ಆಳುಗಳು ಸಿಗತೊಡಗುವ ಮಾರ್ಚಿನಲ್ಲಿ ಆರಂಭಿಸಿ, ಮೇ ಇಪ್ಪತ್ತರೊಳಗೆ ಮುಗಿಸಿ, ಜೂನಿನ ಮೊದಲ ಮಳೆಗೆ ಮುನ್ನ ಹತ್ತು ದಿನ ನೀರುಣಿಸಲು ಬಿಡುವು ಇರಬೇಕೆಂದು ಮೇಸ್ತ್ರಿಯವರು ಹೇಳಿದ್ದಾರೆ. ನಡುವೆ ತಪಸ್ಸುಕಾಲವೂ ಪುನರುತ್ಥಾನದ ಹಬ್ಬವೂ ಬರುತ್ತವೆ. ಊರೆಗಂಬಗಳು ಆಗಲೂ ನಿಂತೇ ಇರುವುವು. ಗರಿಗಳ ಭಾನುವಾರದ ಮೆರವಣಿಗೆ ಪಕ್ಕದ ಹೊಸ ಬಾಗಿಲಿನಿಂದ ಒಳಬರಲಿದೆ.